ಒಂದೇ ಅಡುಗೆ, ಬೇರೆ ಅಳತೆ

ರಕ್ತಪರೀಕ್ಷೆಯ ವರದಿಯಲ್ಲಿ ಸಕ್ಕರೆ ಅಂಶ ಗಡಿ ಮುಟ್ಟಿದೆ ಎಂದು ಗೊತ್ತಾದ ದಿನ ಅನೇಕ ಮನೆಗಳಲ್ಲಿ ಒಂದು ತೀರ್ಮಾನ ಹೊರಬೀಳುತ್ತದೆ: ಸೋಮವಾರದಿಂದ ಅನ್ನ ಬಂದ್. ಮೊದಲ ವಾರ ಉತ್ಸಾಹದಲ್ಲಿ ಕಳೆಯುತ್ತದೆ. ಮಕ್ಕಳಿಗೆ ಚಿತ್ರಾನ್ನ, ಹಿರಿಯರಿಗೆ ಮೆತ್ತಗಿನ ಅನ್ನ-ಸಾರು, ಪಥ್ಯ ಹಿಡಿದವರಿಗೆ ಪ್ರತ್ಯೇಕವಾಗಿ ಪನ್ನೀರ್, ಸಲಾಡ್, ಬಾದಾಮಿ ಹಿಟ್ಟಿನ ರೊಟ್ಟಿ. ಎರಡನೇ ವಾರಕ್ಕೆ ಅಡುಗೆ ಮಾಡುವವರು ಸುಸ್ತಾಗುತ್ತಾರೆ, ತಿಂಗಳು ತುಂಬುವ ಮೊದಲೇ ಎಲ್ಲವೂ ಹಳೆಯ ದಾರಿಗೆ ಮರಳುತ್ತದೆ. ಆಗ ನಾವು ಮನೋಬಲವನ್ನು ದೂರುತ್ತೇವೆ. ತಪ್ಪಿರುವುದು ಯೋಜನೆಯಲ್ಲಿ. ದುಡಿಯುವ ದಂಪತಿ, ಶಾಲೆಗೆ ಹೋಗುವ ಮಕ್ಕಳು, ವಯಸ್ಸಾದ ತಂದೆತಾಯಿ ಇರುವ ಮನೆಯಲ್ಲಿ ಎರಡು ಅಡುಗೆ ಬಹುಕಾಲ ನಡೆಯುವುದಿಲ್ಲ. ಪಿಷ್ಟ ಕಡಿಮೆ ಮಾಡುವ ಊಟ, ಅಂದರೆ ಲೋ ಕಾರ್ಬ್, ಇಂಥ ಮನೆಯಲ್ಲಿ ಉಳಿಯಬೇಕಾದರೆ ಅಡುಗೆ ಎಲ್ಲರಿಗೂ ಒಂದೇ ಇರಬೇಕು, ತಟ್ಟೆಯ ಅಳತೆ ಮಾತ್ರ ಬದಲಾಗಬೇಕು. ನಮ್ಮ ದೇಶದ ಸಂಶೋಧನೆಗಳು ಸೂಚಿಸುತ್ತಿರುವ ಬದಲಾವಣೆಯೂ ಹೆಚ್ಚುಕಡಿಮೆ ಅಷ್ಟೇ ಗಾತ್ರದ್ದು.

ಪಿಷ್ಟ ಕಡಿಮೆ ಮಾಡುವ ಅಗತ್ಯ ನಿಜಕ್ಕೂ ಇದೆಯೇ ಎಂಬುದನ್ನು ಮೊದಲು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್ ಸೇರಿ ನಡೆಸಿದ ರಾಷ್ಟ್ರವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅದೇ ಸಮೀಕ್ಷೆಯ ಆಹಾರದ ವಿವರಗಳು 2025ರಲ್ಲಿ ಹೊರಬಂದವು. ಭಾರತೀಯರ ದಿನದ ಶಕ್ತಿಯಲ್ಲಿ ಸುಮಾರು ಶೇ 62ರಷ್ಟು ಪಿಷ್ಟದಿಂದಲೇ (ಸಕ್ಕರೆಯೂ ಇದರಲ್ಲಿ ಸೇರಿದೆ) ಬರುತ್ತದೆ, ಪ್ರೋಟೀನಿನಿಂದ ಬರುವುದು ಶೇ 12 ಮಾತ್ರ. ಈ ಪಿಷ್ಟದ ಬಹುಪಾಲು ಬಿಳಿ ಅಕ್ಕಿ, ನುಣ್ಣಗೆ ಬೀಸಿದ ಹಿಟ್ಟು ಮತ್ತು ಸಕ್ಕರೆಯದು. ಶಕ್ತಿಯ ಶೇ 5ರಷ್ಟನ್ನು ಪಿಷ್ಟದ ಬದಲು ಬೇಳೆಕಾಳು ಅಥವಾ ಹಾಲಿನ ಪ್ರೋಟೀನಿನಿಂದ ಪಡೆದರೆ ಮಧುಮೇಹದ ಸಾಧ್ಯತೆ ಕಡಿಮೆಯಾಗುತ್ತದೆ ಎಂಬುದು ಅಧ್ಯಯನದ ಲೆಕ್ಕಾಚಾರ. ಇದು ಸಮೀಕ್ಷೆಯಿಂದ ಕಂಡ ಸಂಬಂಧವೇ ಹೊರತು ಜನರಿಗೆ ಊಟ ಬದಲಿಸಿ ನೋಡಿದ ಪ್ರಯೋಗವಲ್ಲ. ಆದರೂ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಧಾನ್ಯಗಳಿಂದ ಬರುವ ಶಕ್ತಿ ಶೇ 45 ಮೀರದಿರಲಿ ಎಂದೇ ಹೇಳುತ್ತದೆ. ಎರಡೂ ಕಡೆಯ ಸಲಹೆ ಒಂದೇ ದಿಕ್ಕಿನಲ್ಲಿದೆ.

ಹಾಗಾದರೆ ಎಷ್ಟು ಕಡಿಮೆ ಮಾಡಬೇಕು? ಇದೇ ಸಮೀಕ್ಷೆಯ 18,090 ಜನರ ಮಾಹಿತಿ ಆಧರಿಸಿದ 2022ರ ಲೇಖನವೊಂದು ಮಧುಮೇಹದ ಹೊಸ್ತಿಲಲ್ಲಿರುವವರಿಗೆ ಪಿಷ್ಟದ ಪಾಲು ಶೇ 50ರಿಂದ 56ರ ನಡುವೆ, ಪ್ರೋಟೀನ್ ಶೇ 18ರಿಂದ 20ರ ನಡುವೆ ಇರಲಿ ಎಂದು ಸೂಚಿಸಿದೆ. ಇದನ್ನು ತಟ್ಟೆಯ ಭಾಷೆಗೆ ತರೋಣ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಶೇ 62 ಎಂದರೆ 310 ಗ್ರಾಂ ಪಿಷ್ಟ. ಶೇ 50ಕ್ಕೆ ಇಳಿಸಿದರೆ 250 ಗ್ರಾಂ. ಕಡಿಮೆಯಾಗಬೇಕಾದದ್ದು 60 ಗ್ರಾಂ. ನೂರು ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟವಿರುತ್ತದೆ, ಒಂದು ಚಮಚ ಸಕ್ಕರೆಯಲ್ಲಿ 4 ಗ್ರಾಂ. ದಿನಕ್ಕೆ ಮೂರು ಲೋಟ ಕಾಫಿ, ಲೋಟಕ್ಕೆರಡು ಚಮಚ ಸಕ್ಕರೆ ಹಾಕಿಕೊಳ್ಳುವವರು ಸಕ್ಕರೆ ಬಿಟ್ಟರೆ 24 ಗ್ರಾಂ ಅಲ್ಲೇ ಇಳಿಯಿತು. ಮಿಕ್ಕ 36 ಗ್ರಾಂ ಎಂದರೆ ಸುಮಾರು 130 ಗ್ರಾಂ ಅನ್ನ, ಮಧ್ಯಾಹ್ನಕ್ಕೊಂದು ಸಣ್ಣ ಸೌಟು, ರಾತ್ರಿಗೊಂದು ಸಣ್ಣ ಸೌಟು. ಅನ್ನವನ್ನೇ ಬಿಡಬೇಕೆಂದು ಹೆದರಿದ್ದವರಿಗೆ ಈ ಲೆಕ್ಕ ಸಮಾಧಾನ ತರಬೇಕು. ಇಷ್ಟಕ್ಕಾಗಿ ಅಡುಗೆಮನೆಯನ್ನು ಬುಡಮೇಲು ಮಾಡಬೇಕಾಗಿಲ್ಲ.

ಇಷ್ಟು ಸಾಕೇ, ಪಿಷ್ಟವನ್ನು ಬಹುತೇಕ ಬಿಡುವ ಕೀಟೋ ಪಥ್ಯ ಮಾಡಿದವರು ಹದಿನೈದು ದಿನದಲ್ಲಿ ಮೂರು-ನಾಲ್ಕು ಕೆಜಿ ಇಳಿಸುತ್ತಾರಲ್ಲ ಎಂಬ ಪ್ರಶ್ನೆ ಏಳುವುದು ಸಹಜ. ಆರಂಭದ ಆ ಇಳಿಕೆಯಲ್ಲಿ ದೊಡ್ಡ ಪಾಲು ನೀರಿನದು. ದೇಹ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಪಿಷ್ಟ ನಿಂತಾಗ ಅದು ಕರಗಿ ನೀರೂ ಹೊರಹೋಗುತ್ತದೆ. ವರ್ಷದ ಲೆಕ್ಕಕ್ಕೆ ಬಂದಾಗ ಚಿತ್ರ ಬೇರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪಿಷ್ಟ ಕಡಿಮೆಯ ಊಟ, ಇನ್ನೊಂದಕ್ಕೆ ಕೊಬ್ಬು ಕಡಿಮೆಯ ಊಟ ಸೂಚಿಸಿ ಒಂದು ವರ್ಷ ಗಮನಿಸಿತು. 2018ರಲ್ಲಿ ಬಂದ ಫಲಿತಾಂಶದಂತೆ ಮೊದಲ ಗುಂಪಿನವರು ಸರಾಸರಿ 6 ಕೆಜಿ, ಎರಡನೆಯವರು 5.3 ಕೆಜಿ ಇಳಿದರು. ಈ ಅಂತರ ಗಣನೀಯವೆಂದು ಪರಿಗಣಿಸುವಷ್ಟು ದೊಡ್ಡದಲ್ಲ. ಅದೇ ವರ್ಷ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆ ಪ್ರಕಟಿಸಿದ, ಹದಿನೈದು ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ದೀರ್ಘ ಅಧ್ಯಯನದಲ್ಲಿ, ಪಿಷ್ಟದ ಪಾಲು ಶೇ 50ರಿಂದ 55ರ ನಡುವೆ ಇದ್ದವರಲ್ಲಿ ಸಾವಿನ ಅಪಾಯ ಅತಿ ಕಡಿಮೆ ಕಂಡುಬಂತು. ಶೇ 40ಕ್ಕಿಂತ ಕೆಳಗಿಳಿದವರಲ್ಲೂ ಶೇ 70 ಮೀರಿದವರಲ್ಲೂ ಅದು ಹೆಚ್ಚಿತ್ತು. ಕಟ್ಟುನಿಟ್ಟಿನ ಕೀಟೋದಿಂದ ಕೆಲವರಿಗೆ, ವೈದ್ಯರ ನಿಗಾದಲ್ಲಿ, ಪ್ರಯೋಜನವಾಗಬಹುದು. ಸಂಸಾರದ ನಡುವೆ ಹತ್ತಾರು ವರ್ಷ ನಡೆಸಬೇಕಾದ ಊಟಕ್ಕೆ ಮಧ್ಯಮ ಮಾರ್ಗವೇ ಭದ್ರ.

ಬಿಡುವಿಲ್ಲದ ಮನೆಯಲ್ಲಿ ಎರಡು ಅಡುಗೆ ನಡೆಯುವುದಿಲ್ಲ ಎಂದಾಗ ಆ ಬಿಡುವು ಯಾರದು ಎಂದೂ ಕೇಳಿಕೊಳ್ಳಬೇಕು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಮನೆಯ ಯಜಮಾನರಿಗೆ ಪ್ರತ್ಯೇಕ ಪಥ್ಯ ಎಂದು ಸೇರಿಸಿದರೆ ಆ ಹೊರೆ ಬೀಳುವುದು ಈಗಾಗಲೇ ಐದು ತಾಸು ದುಡಿಯುತ್ತಿರುವವರ ಮೇಲೆ. ಪಥ್ಯ ಆಕೆಗೇ ಬೇಕಾಗಿದ್ದರೆ ಅವಳು ತನಗಾಗಿ ಇನ್ನೊಂದು ಒಲೆ ಹಚ್ಚುವ ಸಂಭವ ಇನ್ನೂ ಕಡಿಮೆ, ಎಲ್ಲರಿಗೂ ಬಡಿಸಿದ ಮೇಲೆ ಪಾತ್ರೆಯಲ್ಲಿ ಉಳಿದ ಅನ್ನವನ್ನೇ ಉಂಡು ಏಳುತ್ತಾಳೆ. ಆದ್ದರಿಂದ ಒಂದೇ ಅಡುಗೆ ಎನ್ನುವುದು ಬರೀ ಅನುಕೂಲದ ಮಾತಲ್ಲ, ನ್ಯಾಯದ ಮಾತೂ ಹೌದು.

ಒಂದೇ ಅಡುಗೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಬೆಳಗಿನ ಹೊತ್ತನ್ನೇ ನೋಡಿ. ರಾತ್ರಿ ಮಲಗುವ ಮುನ್ನ ಎರಡು ಹಿಡಿ ಹೆಸರುಕಾಳನ್ನೋ ಕಡಲೆಕಾಳನ್ನೋ ನೆನೆಹಾಕುವುದು ಯಾರು ಬೇಕಾದರೂ ಮಾಡಬಹುದಾದ ಒಂದು ನಿಮಿಷದ ಕೆಲಸ. ಬೆಳಿಗ್ಗೆ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಕುಕ್ಕರ್ ಕೂಗಿರುತ್ತದೆ. ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಹಾಕಿ ಮೇಲೆ ಕಾಯಿತುರಿ ಉದುರಿಸಿದರೆ ಉಸಲಿ ಸಿದ್ಧ. ಅದರ ಪಕ್ಕದಲ್ಲಿ ಮಾಮೂಲಿ ಉಪ್ಪಿಟ್ಟೋ ಅವಲಕ್ಕಿಯೋ ಇರುತ್ತದೆ. ಮಗುವಿನ ಡಬ್ಬಿಗೆ ಉಪ್ಪಿಟ್ಟು ಮುಕ್ಕಾಲು, ಉಸಲಿ ಕಾಲು ಭಾಗ. ಪಿಷ್ಟ ಕಡಿಮೆ ಮಾಡುವವರ ತಟ್ಟೆಗೆ ಉಸಲಿ ಮುಕ್ಕಾಲು, ಉಪ್ಪಿಟ್ಟು ಕಾಲು. ಮಧ್ಯಾಹ್ನಕ್ಕೆ ಬಸ್ಸಾರು ಮಾಡಿದರೆ ಅದರ ಸೊಪ್ಪು-ಕಾಳಿನ ಪಲ್ಯವೇ ಒಬ್ಬರಿಗೆ ಊಟದ ಮುಖ್ಯ ಭಾಗವಾಗುತ್ತದೆ, ಇನ್ನೊಬ್ಬರಿಗೆ ನೆಂಚಿಕೊಳ್ಳಲು ಬರುತ್ತದೆ. ಉತ್ತರ ಕರ್ನಾಟಕದ ಮನೆಯಲ್ಲಿ ಮೂರು ರೊಟ್ಟಿಯ ಬದಲು ಒಂದೂವರೆ ಇಟ್ಟುಕೊಂಡು ಜುಣಕ, ಮಡಿಕೆಕಾಳಿನ ಪಲ್ಯ, ಮೊಸರು ಹೆಚ್ಚಿಸಬಹುದು. ಕರಾವಳಿಯಲ್ಲಿ ಅನ್ನ ತಗ್ಗಿಸಿ ಮೀನನ್ನೋ ಬಸಳೆಯನ್ನೋ ಹೆಚ್ಚು ಬಡಿಸಿಕೊಳ್ಳಬಹುದು. ಅಡುಗೆಯವರಿಗೆ ಬೇಕಾದದ್ದು ಪಲ್ಯದ ಬಾಣಲೆ ಸ್ವಲ್ಪ ದೊಡ್ಡದು, ಅನ್ನದ ಪಾತ್ರೆ ಸ್ವಲ್ಪ ಚಿಕ್ಕದು.

ನಿಜವಾದ ಕಷ್ಟ ಇರುವುದು ಪ್ರೋಟೀನ್ ಸೇರಿಸುವುದರಲ್ಲಿ. ಅನ್ನ ಕಡಿಮೆ ಮಾಡಿ ಆ ಜಾಗವನ್ನು ಖಾಲಿ ಬಿಟ್ಟವರು ಸಂಜೆ ನಾಲ್ಕಕ್ಕೆ ಬಿಸ್ಕತ್ತಿನ ಡಬ್ಬಿ ತೆರೆಯುತ್ತಾರೆ. ದಿನಕ್ಕೆ 2000 ಕ್ಯಾಲೊರಿಯ ಊಟದಲ್ಲಿ ಶೇ 12 ಎಂದರೆ 60 ಗ್ರಾಂ ಪ್ರೋಟೀನ್, ಶೇ 18 ಎಂದರೆ 90 ಗ್ರಾಂ. ಮೂವತ್ತು ಗ್ರಾಂ ಒಣ ಕಾಳಿನ ಉಸಲಿಯಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಸಿಗುತ್ತದೆ, ಒಂದು ಹಿಡಿ ಕಡಲೆಕಾಯಿಯಲ್ಲಿ ಹೆಚ್ಚುಕಡಿಮೆ ಅಷ್ಟೇ, ಒಂದು ದೊಡ್ಡ ಬಟ್ಟಲು ಮೊಸರಿನಲ್ಲಿ 6, ಎರಡು ಮೊಟ್ಟೆಯಲ್ಲಿ 12. ಕಾಳಿನಲ್ಲೂ ಪಿಷ್ಟವಿದೆ, ಕಡಲೆಕಾಯಿಯಲ್ಲಿ ಕೊಬ್ಬಿದೆ, ಹಾಗಾಗಿ ಎಲ್ಲವನ್ನೂ ಒಮ್ಮೆಲೇ ಸೇರಿಸುವುದು ಬೇಡ. ಇವುಗಳಲ್ಲಿ ಎರಡನ್ನು ಆರಿಸಿ ದಿನವೂ ತಪ್ಪದೆ ತಿಂದರೆ ಆರಂಭಕ್ಕೆ ಸಾಕು. ಸಸ್ಯಾಹಾರಿಗಳಿಗೆ ಇದು ಸಾಧ್ಯವಿಲ್ಲ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ದುಬಾರಿ ಎನ್ನುವವರಿಗೂ ಇದೇ ಉತ್ತರ: ಹುರುಳಿ, ಹೆಸರು, ಕಡಲೆ, ಕಡಲೆಕಾಯಿಗಳು ಮಾರುಕಟ್ಟೆಯ ಪ್ರೋಟೀನ್ ಪುಡಿ, ಕೀಟೋ ಬ್ರೆಡ್ಡುಗಳಿಗಿಂತ ಎಷ್ಟೋ ಅಗ್ಗ. ಅಕ್ಕಿಗಿಂತ ಬೇಳೆಗೆ ಖರ್ಚು ಹೆಚ್ಚು ಎಂಬುದು ನಿಜ. ಹೊರಗಿನ ಬೇಕರಿ ತಿಂಡಿ, ಸಿಹಿ ಪಾನೀಯಗಳಿಗೆ ಹೋಗುವ ಹಣ ಮೊದಲು ಇತ್ತ ತಿರುಗಲಿ.

ಕನ್ನಡಿಗರು ತಪ್ಪದೆ ಎತ್ತುವ ಆಕ್ಷೇಪ ಇನ್ನೊಂದಿದೆ: ಅನ್ನ ಬಿಟ್ಟು ರಾಗಿಮುದ್ದೆ, ಜೋಳದ ರೊಟ್ಟಿಗೆ ಬಂದರೆ ಆಯಿತಲ್ಲ? ಸಿರಿಧಾನ್ಯ ಇಂದಿಗೂ ಮುಖ್ಯ ಆಹಾರವಾಗಿ ಉಳಿದಿರುವ ಕೆಲವೇ ರಾಜ್ಯಗಳಲ್ಲಿ ನಮ್ಮದೂ ಒಂದು ಎಂಬುದು ಹೆಮ್ಮೆಯ ಸಂಗತಿ. ರಾಗಿಯಲ್ಲಿರುವಷ್ಟು ಸುಣ್ಣದ ಅಂಶ, ನಾರು ಅಕ್ಕಿಯಲ್ಲಿ ಇಲ್ಲ. ಆದರೆ ಪಿಷ್ಟದ ಲೆಕ್ಕದಲ್ಲಿ ಅಂತರ ನಾವು ಭಾವಿಸುವಷ್ಟಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ ರಾಗಿಯಲ್ಲಿ 67, ಗೋಧಿ ಹಿಟ್ಟಿನಲ್ಲಿ 64. 2025ರ ಅಧ್ಯಯನವೂ ಇದನ್ನೇ ಹೇಳಿತು: ಒಟ್ಟು ಪಿಷ್ಟ ತಗ್ಗಿಸದೆ ಬರೀ ಧಾನ್ಯ ಬದಲಿಸಿದರೆ ಮಧುಮೇಹದ ಅಪಾಯ ಇಳಿದಂತೆ ಕಾಣಲಿಲ್ಲ. ಮುದ್ದೆ ಖಂಡಿತ ಇರಲಿ, ಎರಡರ ಬದಲು ಒಂದಿರಲಿ, ಜೊತೆಗೆ ಹುರುಳಿಕಾಳಿನ ಸಾರು ಕಾಳುಸಮೇತ ಬೀಳಲಿ. ಅಜ್ಜ ಮೂರು ಮುದ್ದೆ ಉಂಡೂ ಗಟ್ಟಿಯಾಗಿದ್ದ ಎಂಬ ಮಾತೂ ಸತ್ಯ. ಅಜ್ಜ ಹೊತ್ತು ಹುಟ್ಟುವ ಮೊದಲೇ ಹೊಲಕ್ಕೆ ಹೋಗುತ್ತಿದ್ದ. ಕುರ್ಚಿಯಲ್ಲಿ ಎಂಟು ತಾಸು ಕೂರುವ ಮೊಮ್ಮಗನ ಸ್ನಾಯುಗಳು ಅಷ್ಟು ಪಿಷ್ಟವನ್ನು ಕೇಳುವುದೇ ಇಲ್ಲ.

ಒಂದೇ ಅಡುಗೆ ಎಂದ ಮಾತ್ರಕ್ಕೆ ಎಲ್ಲರಿಗೂ ಒಂದೇ ಪಥ್ಯ ಎಂದಲ್ಲ. ಬೆಳೆಯುವ ಮಕ್ಕಳು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಅನ್ನ-ರೊಟ್ಟಿ ಕಡಿತ ಮಾಡಬಾರದು. ಅವರ ತಟ್ಟೆಗೆ ಕಾಳು, ತರಕಾರಿ ಹೆಚ್ಚಾದರೆ ಅದು ಲಾಭವೇ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಔಷಧಿಯ ಪ್ರಮಾಣ ಬದಲಿಸಿಕೊಳ್ಳದೆ ಪಿಷ್ಟ ಇಳಿಸಿದರೆ ಸಕ್ಕರೆ ಅಂಶ ಅಪಾಯಕಾರಿಯಾಗಿ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನುಂಗುವವರು ಪಿಷ್ಟವನ್ನು ತೀರಾ ಕಡಿಮೆ ಮಾಡಿದರೆ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಎಂಬ ಗಂಭೀರ ತೊಂದರೆಗೆ ಸಿಲುಕುವ ಸಂಭವವಿದೆ. ಇವರೆಲ್ಲ ಮೊದಲು ವೈದ್ಯರೊಡನೆ ಮಾತಾಡಿ ಆಮೇಲೆ ಸೌಟು ತಗ್ಗಿಸಲಿ.

ಉಳಿದವರು ಇಂದೇ ಶುರು ಮಾಡಬಹುದು. ಮೊದಲ ವಾರ ಕಾಫಿ-ಟೀಯ ಸಕ್ಕರೆ, ಎರಡನೇ ವಾರ ರಾತ್ರಿಯ ಅನ್ನದಲ್ಲಿ ಒಂದು ಸೌಟು ಕಡಿಮೆ ಮತ್ತು ಒಂದು ಬಟ್ಟಲು ಕಾಳು ಹೆಚ್ಚು, ಮೂರನೇ ವಾರ ಬೆಳಗಿನ ತಿಂಡಿಯ ಪಾಲು. ಮದುವೆ, ಹಬ್ಬದ ದಿನ ಹೋಳಿಗೆ ತಿಂದು ಮರುದಿನ ಮತ್ತೆ ಇದೇ ಅಳತೆಗೆ ಬನ್ನಿ. ಮೂರು ತಿಂಗಳು ಕಳೆದ ಮೇಲೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಏಕೆಂದರೆ ಅದು ತೋರಿಸುವುದು ಹಿಂದಿನ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನು. ಮತ್ತು ಮನೆಯವರಲ್ಲಿ ಒಂದು ಬಿನ್ನಹ: ಪಥ್ಯ ಯಾರದೇ ಆಗಿರಲಿ, ರಾತ್ರಿ ಕಾಳು ನೆನೆಹಾಕುವ, ಬೆಳಿಗ್ಗೆ ತರಕಾರಿ ಹೆಚ್ಚುವ ಕೆಲಸವನ್ನು ಎಲ್ಲರೂ ಹಂಚಿಕೊಳ್ಳಿ.