ಅಟ್ಟದಿಂದಿಳಿದ ಚೆನ್ನೆಮಣೆ

ಬಳಕೆ ತಪ್ಪಿದ ಮನೆಯ ಪದಾರ್ಥಗಳಲ್ಲಿಯೂ ಮೇಲು ಕೀಳೆಂಬ ಭೇದ ಉಂಟು. ತಾಮ್ರದ ಹಂಡೆ ಚಾವಡಿಯ ಮೂಲೆಯಲ್ಲಿ ಗಿಡದ ಕುಂಡವಾಗಿಯಾದರೂ ಮರ್ಯಾದೆ ಪಡೆಯುತ್ತದೆ. ಸೇರು, ಪಾವುಗಳು ಗಾಜಿನ ಕಪಾಟನ್ನು ಸೇರುತ್ತವೆ. ತಾಳೆಗರಿಯ ಕಟ್ಟಾದರೆ ಅದನ್ನು ಹುಡುಕಿಕೊಂಡು ವಿದ್ವಾಂಸರೇ ಬರುತ್ತಾರೆ. ಆಟದ ಸಾಮಾನನ್ನು ಮಾತ್ರ ಕೇಳುವವರಿಲ್ಲ. ಆಡುವ ಕೈಗಳು ನಿಂತ ದಿನದಿಂದಲೇ ಅದು ಸೌದೆಗೆ ಹತ್ತಿರದ ನೆಂಟನಾಗುತ್ತದೆ.

ಅರಮನೆಯ ಆಟಗಳ ಮಾತು ಬೇರೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳಲ್ಲಿ ಅಪಾರ ಕುತೂಹಲವಿದ್ದವರು. ಶ್ರೀತತ್ತ್ವನಿಧಿಯ ಕೊನೆಯ ಭಾಗವಾದ ಕೌತುಕನಿಧಿಯನ್ನು ಅವುಗಳಿಗಾಗಿಯೇ ಮೀಸಲಿಟ್ಟರು. ಆಟಿ ತಿಂಗಳ ಮಳೆಯಲ್ಲಿ ಜಗಲಿಯ ಮೇಲೆ ಕುಳಿತು ನಮ್ಮ ತುಳುನಾಡಿನ ಹೆಂಗಸರು ಆಡಿದ ಚೆನ್ನೆಯಾಟವಾದರೋ ಬಾಯಿಂದ ಬಾಯಿಗೆ, ಅದಕ್ಕಿಂತ ಹೆಚ್ಚಾಗಿ ಕೈಯಿಂದ ಕೈಗೆ ನಡೆದು ಬಂದದ್ದು.

ಚೆನ್ನೆಮಣೆಯನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಒಂದು ಮರದ ಹಲಗೆ. ಅದರಲ್ಲಿ ಏಳೇಳರ ಎರಡು ಸಾಲಾಗಿ ತೋಡಿದ 14 ಗುಳಿಗಳು. ಗುಳಿಯೊಂದಕ್ಕೆ ನಾಲ್ಕರಂತೆ 56 ಕಾಯಿಗಳು. ಘಟ್ಟದ ಮೇಲೆ ಇದೇ ಅಳಗುಳಿಮಣೆ, ತಮಿಳರಲ್ಲಿ ಪಲ್ಲಾಂಗುಳಿ, ತೆಲುಗರಲ್ಲಿ ವಾಮನಗುಂಟಲು. ಹಂಪಿಯ ಕಲ್ಲುಹಾಸುಗಳ ಮೇಲೆ ಕೊರೆದಿರುವ ಆಟದ ಮನೆಗಳಲ್ಲಿಯೂ ಈ ಗುಳಿಸಾಲುಗಳುಂಟು. ಆಫ್ರಿಕಾ ಖಂಡದ ಉದ್ದಗಲಕ್ಕೂ ಇದರ ಬಂಧುಗಳು ಹಬ್ಬಿವೆ. ಪಾಶ್ಚಾತ್ಯ ವಿದ್ವಾಂಸರು ಈ ಕುಲಕ್ಕೆಲ್ಲ ಕೊಟ್ಟ ‘ಮಂಕಾಲ’ ಎಂಬ ಹೆಸರು, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸು ಎಂಬರ್ಥದ ಅರಬ್ಬೀ ಧಾತುವಿನಿಂದ ಬಂದದ್ದು.

ನಾನು ಹೇಳಹೊರಟ ಮಣೆ ಗುಂಡ್ಯದ ಸಮೀಪದ ನನ್ನ ಸೋದರಮಾವನ ಮನೆಯದು. ಶಿರಾಡಿ ಘಾಟಿಯ ಬುಡದಲ್ಲಿ, ಸುಬ್ರಹ್ಮಣ್ಯಕ್ಕೆ ದಾರಿ ಕವಲೊಡೆಯುವ ಈ ಊರನ್ನು ಪ್ರಯಾಣಿಕರು ಬಲ್ಲದ್ದು ಚಹಾ ಕುಡಿಯಲು ಬಸ್ಸು ನಿಲ್ಲುವ ಜಾಗವೆಂದು. ಅಲ್ಲಿ ನೆಲೆನಿಂತವರಿಗೆ ಗೊತ್ತಿರುವುದು ಮಳೆ. ಮಳೆಗಾಲದಲ್ಲಿ ಗೋಡೆಯೂ ಬಟ್ಟೆಯೂ ಪುಸ್ತಕವೂ ಒಂದೇ ಸಮನೆ ಬೂಸಲು ಹಿಡಿಯುವ ಈ ಸೀಮೆಯಲ್ಲಿ ಮರದ ಸಾಮಾನೊಂದು ಮೂವತ್ತು ವರ್ಷ ಅಟ್ಟದಲ್ಲಿ ಉಳಿದಿತ್ತೆಂದರೆ ಅದಕ್ಕೆ ಅಡುಗೆಮನೆಯ ಹೊಗೆಯೇ ಕಾರಣ. ಹೊಗೆ ಮಣೆಯನ್ನು ಕಪ್ಪಾಗಿಸಿತು, ಕಪ್ಪಾಗಿಸಿ ಕಾಪಾಡಿತು. ಆ ಮನೆಗೆ ಗ್ಯಾಸಿನ ಒಲೆ ಬಂದ ಮೇಲೆಯೇ ಕುಟ್ಟೆ ಹುಳುವಿಗೆ ಧೈರ್ಯ ಬಂದದ್ದು.

ಬೇಸಗೆಯ ರಜೆಯಲ್ಲಿ ಅದನ್ನು ಕೆಳಗಿಳಿಸಿ ನೋಡಿದಾಗ ಅವಸ್ಥೆ ಹೀಗಿತ್ತು: ಹಲಸಿನ ಮರ, ತಿರುಳಿನ ಭಾಗ ಗಟ್ಟಿ, ಬೆಳ್ಳನೆಯ ಅಂಚಿನ ತುಂಬ ಹುಳುವಿನ ತೂತು. ನಡುವೆ ಉದ್ದಕ್ಕೆ ಒಂದು ಬಿರುಕು. ಗುಳಿಗಳಲ್ಲಿ ಎಣ್ಣೆ, ಮಸಿ, ಧೂಳು ಸೇರಿ ಹೆಪ್ಪುಗಟ್ಟಿದ ಕರಿಯ ಪದರ. ಪಕ್ಕದ ಬಟ್ಟೆಯ ಚೀಲದಲ್ಲಿ 31 ಕಾಯಿಗಳು, ಜೊತೆಗೆ ಆರು ಹುಣಿಸೆಬೀಜ. ಕಳೆದುಹೋದ ಕಾಯಿಗಳ ಸ್ಥಾನವನ್ನು ಯಾರೋ ಹುಣಿಸೆಬೀಜದಿಂದ ತುಂಬಿ ಆಟ ಮುಂದುವರಿಸಿದ್ದರು ಎಂಬುದನ್ನು ಇದರಿಂದ ಊಹಿಸಬಹುದು.

ಮರಗೆಲಸದ ಆಚಾರ್ಯರೊಬ್ಬರಿಗೆ ತೋರಿಸಿದೆ. ಅವರು ಮಣೆಯನ್ನು ತಿರುಗಿಸಿ, ಬೆರಳಿನಿಂದ ತಟ್ಟಿ, “ಮಾಸ್ಟ್ರೇ, ತಿರುಳು ಒಳ್ಳೇದುಂಟು. ಉಜ್ಜುವ ಕಾಗದ ಹಾಕಿ ಪಾಲಿಶು ಕೊಟ್ಟರೆ ಹೊಸತರ ಹಾಗೇ ಆಗ್ತದೆ” ಎಂದರು. ಅವರ ಕೈಗುಣದಲ್ಲಿ ನನಗೆ ಸಂದೇಹವಿರಲಿಲ್ಲ. ಆದರೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಎರಡು ಸಾಲುಗಳೂ ಒಂದೇ ಬಗೆಯಾಗಿ ಸವೆದಿರಲಿಲ್ಲ. ಆಡುವವಳು ಕುಳಿತ ಕಡೆಯಿಂದ ಬೆರಳು ಇಳಿದು ಕಾಯಿಯನ್ನು ಬಳಿದೆತ್ತುವ ಜಾಗದಲ್ಲಿ ಗುಳಿಯ ಅಂಚು ನಯವಾಗಿ ತಗ್ಗಿತ್ತು. ಎದುರು ಅಂಚಿನಲ್ಲಿ ಉಳಿಯ ಗುರುತು ಇನ್ನೂ ಒರಟಾಗಿತ್ತು. ಅಕ್ಷರ ಬಾರದ ಎಷ್ಟೋ ಹೆಂಗಸರು ಈ ಹಲಗೆಯ ಮೇಲೆ ತಮ್ಮ ಕೈಬರಹವನ್ನು ಬಿಟ್ಟುಹೋಗಿದ್ದಾರೆ. ಹಸ್ತಪ್ರತಿಯ ಅಕ್ಷರಗಳನ್ನು ಒರೆಸಿ ಗರಿಯನ್ನು ಶುಭ್ರಗೊಳಿಸಿದೆವೆಂದು ಹೇಳುವ ಸಂಪಾದಕನನ್ನು ನಾವು ಏನೆಂದು ಕರೆದೇವು? ಉಜ್ಜುವ ಕಾಗದ ಬೇಡವೆಂದೆ.

ಈ ತೊಡಕು ನಮಗೆ ಮಾತ್ರ ಬಂದುದಲ್ಲ. 1978ರಲ್ಲಿ ಜಪಾನಿನ ತೈತೊ ಕಂಪೆನಿ ಹೊರತಂದ ಸ್ಪೇಸ್ ಇನ್‌ವೇಡರ್ಸ್‌ನಂಥ, ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆಗಳನ್ನು ಹೊರದೇಶಗಳ ಹವ್ಯಾಸಿಗಳು ಉಗ್ರಾಣಗಳಿಂದ ತಂದು ಮನೆಯಲ್ಲಿ ದುರಸ್ತಿ ಮಾಡುತ್ತಾರೆ. ಹಳೆಯ ಗಾಜಿನ ಕೊಳವೆಯ ಪರದೆಯನ್ನೇ ಉಳಿಸಬೇಕೋ, ಹೊಸ ಚಪ್ಪಟೆ ಪರದೆ ಜೋಡಿಸಬಹುದೋ ಎಂಬುದು ಅವರ ಜಗಳ. ಹೊಳೆಯುವ ಪೆಟ್ಟಿಗೆ ಬೇಕೋ, ಅಂದಿನ ಆಟ ಬೇಕೋ ಎಂಬುದೇ ಅದರ ಹುರುಳು. ನನಗೆ ಬೇಕಾದದ್ದು ಆಟ.

ಕೆಲಸವನ್ನು ಮನೆಯಲ್ಲಿಯೇ ಮಾಡಿದೆ. ಆಚಾರ್ಯರು ನಕ್ಕರೂ ಸಲಹೆಗೆ ಕೊರತೆ ಮಾಡಲಿಲ್ಲ. ಮೊದಲು ಒಣ ಕುಂಚದಿಂದ ಧೂಳು ತೆಗೆದು, ಅಂಟುವಾಳದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮಸಿಯನ್ನು ಸ್ವಲ್ಪ ಸ್ವಲ್ಪವಾಗಿ ಒರೆಸಬೇಕು. ಮರಕ್ಕೆ ನೀರು ಕುಡಿಸಬಾರದು. ಹುಳುವಿನ ತೂತುಗಳಿಗೆ ಪಿಚಕಾರಿ ಸೂಜಿಯಿಂದ ಸೀಮೆಎಣ್ಣೆ ಬಿಟ್ಟು, ಕೆಲವು ದಿನ ಬಿಟ್ಟು ಮತ್ತೆ ಬಿಟ್ಟೆ. ಹೊಸದಾಗಿ ಹುಡಿ ಉದುರುವುದು ನಿಂತರೆ ಹುಳು ಸತ್ತಿತೆಂದು ಲೆಕ್ಕ. ಬಿರುಕಿನ ವಿಚಾರದಲ್ಲಿ ಅವಸರ ಸಲ್ಲದು. ಬೇಸಗೆಯಲ್ಲಿ ಬಾಯಿ ಬಿಟ್ಟ ಬಿರುಕು ಮಳೆಗಾಲದಲ್ಲಿ ಮರ ಉಬ್ಬಿದಾಗ ಕಿರಿದಾಗುತ್ತದೆ. ಅದರೊಳಗೆ ಕಲ್ಲಿನಂತೆ ಗಟ್ಟಿಯಾಗುವ ಅಂಟನ್ನು ತುಂಬಿದರೆ ಉಬ್ಬಿದ ಮರ ಬೇರೆಡೆ ಸೀಳುತ್ತದೆ. ಒತ್ತಿದರೆ ಬಗ್ಗುವ ಜೇನುಮೇಣಕ್ಕೆ ಹಲಸಿನ ಮರದ ಹುಡಿ ಕಲಸಿ ತುಂಬಿದ್ದೇ ಕ್ಷೇಮವಾಯಿತು.

ಎಣ್ಣೆಯ ಆಯ್ಕೆಯಲ್ಲಿ ಮನೆಯವರೆಲ್ಲರೂ ಪಂಡಿತರಾದರು. ಗೇರೆಣ್ಣೆ ನಮ್ಮ ಕಡೆಯ ಪಕ್ಕಾಸು, ರೀಪುಗಳಿಗೆ ಹೆಸರಾದ ರಕ್ಷೆ, ನಿಜ. ಆದರೆ ಅದು ಚರ್ಮವನ್ನು ಸುಟ್ಟು ಬೊಕ್ಕೆಯೆಬ್ಬಿಸುವಂಥದು, ಮಕ್ಕಳು ಮುಟ್ಟುವ ಮಣೆಗೆ ಸಲ್ಲದು. ತೆಂಗಿನೆಣ್ಣೆ ಒಣಗುವುದಿಲ್ಲ; ಧೂಳು ಹಿಡಿದು ಕೊನೆಗೆ ಕಮಟುತ್ತದೆ. ಅಗಸೆ ಎಣ್ಣೆ ಗಾಳಿಗೆ ತಾನಾಗಿ ಒಣಗಿ ತೆಳ್ಳನೆಯ ಪೊರೆಯಾಗುತ್ತದೆ. ಅದನ್ನೇ ಎರಡು ಸಲ ತೆಳ್ಳಗೆ ಸವರಿದೆ. (ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲುದು. ಹರಡಿ ಒಣಗಿಸಬೇಕು.) ಕಪ್ಪಿನ ಅಡಿಯಿಂದ ಹಲಸಿನ ಕಂದು ಬಣ್ಣ ಮೆಲ್ಲನೆ ಮೇಲೆದ್ದಿತು.

ಕಾಯಿಗಳ ಕೊರತೆಯನ್ನು ತೋಟದಾಚೆಯ ಒಂದು ಮಂಜೊಟ್ಟಿ ಮರ ನೀಗಿಸಿತು. ಆನೆಗುಲಗಂಜಿ ಎಂದೂ ಕರೆಯುವ ಈ ಕೆಂಪು ಬೀಜ ಗಟ್ಟಿ, ನುಣುಪು, ಒಂದರಂತೆ ಒಂದು. ಹಿಂದೆ ಚಿನ್ನ ತೂಗಲು ಬಳಸುತ್ತಿದ್ದುದು ಸುಮ್ಮನಲ್ಲ. ಹುಣಿಸೆಬೀಜಗಳನ್ನು ಬಿಸಾಡಲು ಮನಸ್ಸಾಗದೆ ಚೀಲದಲ್ಲೇ ಉಳಿಸಿದೆ.

ಇಷ್ಟಾದರೂ ಮಣೆ ಸರಿಯಾಯಿತೆನ್ನುವಂತಿರಲಿಲ್ಲ. ಆಡುವ ಕ್ರಮ ಯಾರಿಗೆ ಗೊತ್ತು? ಅರಸು ಆಟ, ಬುಳೆ ಪೆರ್ಗ ಎಂದು ಹೆಸರುಗಳನ್ನೇನೋ ನಾನು ಹೇಳಬಲ್ಲೆ; ಎಂ.ಎ. ಪದವಿಗೆ ಅಷ್ಟು ಸಾಕಾಗುತ್ತದೆ. ಆಟ ಬಲ್ಲವರು ಆ ಮನೆಯಲ್ಲಿ ಉಳಿದದ್ದು ಎಂಬತ್ತು ಸಮೀಪಿಸಿದ ಅತ್ತೆಯೊಬ್ಬರೇ. “ಅತ್ತೆ, ಒಮ್ಮೆ ತೋರಿಸಿಕೊಡಿ” ಎಂದು ಮೇ ತಿಂಗಳಿನಲ್ಲಿ ಕೇಳಿದಾಗ ಅವರು ಒಪ್ಪಲಿಲ್ಲ. “ಆಟಿ ಬರಲಿ ಮಾರಾಯ. ಈಗ ಆಡುವ ಕ್ರಮ ಇಲ್ಲ” ಎಂದರು. ಅಕ್ಕತಂಗಿಯರನ್ನು ಎದುರುಬದುರು ಕೂರಿಸಬಾರದೆಂದೂ ಎಚ್ಚರಿಸಿದರು.

ಆ ಎಚ್ಚರಿಕೆಯ ಹಿಂದೆ ಒಂದು ಕಥೆಯಿದೆ. ಸಿರಿ ಪಾಡ್ದನದ ಅವಳಿ ಸೋದರಿಯರಾದ ಅಬ್ಬಗ-ದಾರಗರು ಚೆನ್ನೆಯಾಡುತ್ತ ಜಗಳವಾಡುತ್ತಾರೆ. ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಲ್ಲುತ್ತಾಳೆ, ಕೊನೆಗೆ ತಾನೂ ಬಾವಿಗೆ ಹಾರುತ್ತಾಳೆ. ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಹಾಡಿದ ಸಿರಿಯ ಕಥೆಯನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು 1990ರಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. 15,683 ಸಾಲುಗಳ ಮಹಾಕಾವ್ಯ ಅದು. ಪಠ್ಯವಾಗಿ ನಾನು ಓದಿದ್ದ ಆ ಪ್ರಸಂಗ ಅತ್ತೆಗೆ ಮನೆಯ ಕಟ್ಟಳೆಯಾಗಿತ್ತು.

ಆಟಿ ಬಂತು. ಅತ್ತೆ ನನ್ನ ಮಗಳನ್ನು ಎದುರಿಗೆ ಕೂರಿಸಿಕೊಂಡರು. ಒಂದು ಮನೆಯ ಕಾಯಿಗಳನ್ನೆತ್ತಿ ಮುಂದಿನ ಮನೆಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಕೈ ಬರಿದಾದಾಗ ಅದರ ಮುಂದಿನ ಮನೆಯಿಂದ ಎತ್ತಿ ಮತ್ತೆ ಬಿತ್ತಬೇಕು. ಎತ್ತಬೇಕಾದ ಮನೆಯೇ ಬರಿದಾಗಿದ್ದರೆ ಅದರಾಚೆಯ ಮನೆಯ ಕಾಯಿಗಳು ಗೆದ್ದ ಪಾಲು, ಆಟ ಎದುರಾಳಿಗೆ. ಬಾಯಲ್ಲಿ ವಿವರಿಸಲು ಅವರಿಗೆ ಕಷ್ಟವಾಗುತ್ತಿತ್ತು. “ಹೀಗೆ, ಮತ್ತೆ ಹೀಗೆ” ಎಂದು ಕೈಯಿಂದಲೇ ಹೇಳಿಕೊಟ್ಟರು. ನಾನು ಪಕ್ಕದಲ್ಲಿ ಕುಳಿತು ಪ್ರತಿಯೊಂದು ನಡೆಯನ್ನೂ ಬರೆದುಕೊಂಡೆ.

ನಾಲ್ಕನೆಯ ದಿನ ನೆರೆಮನೆಯ ವೃದ್ಧೆಯೊಬ್ಬರು ಬಂದರು. ಅವರು ಸುಳ್ಯದ ಕಡೆಯಿಂದ ಮದುವೆಯಾಗಿ ಬಂದವರು. ಸ್ವಲ್ಪ ಹೊತ್ತು ನೋಡಿ, ಗೆದ್ದ ಮನೆಗೆ ಎದುರಾದ ಮನೆಯ ಕಾಯಿಗಳನ್ನೂ ಎತ್ತಿಕೊಳ್ಳಬೇಕೆಂದರು. ಇಲ್ಲವೆಂದರು ಅತ್ತೆ. “ನಮ್ಮಲ್ಲಿ ಹಾಗೆಯೇ” ಎಂದರು ಅವರು. “ಹಾಗಾದರೆ ಅದು ನಿಮ್ಮಲ್ಲಿ” ಎಂದರು ಇವರು. ಮಾತು ಬಿಗಿಯಾಯಿತು, ನನ್ನ ಪುಸ್ತಕದಲ್ಲಿ ಎರಡು ಪಾಠಗಳನ್ನೂ ದಾಖಲಿಸಿಕೊಂಡೆ. ಮಗಳು ಅಷ್ಟರಲ್ಲಿ ಕಾಯಿಗಳನ್ನು ನಾಲ್ಕು ನಾಲ್ಕಾಗಿ ತುಂಬಿಸಿ ಕುಳಿತಿದ್ದಳು. ಲೆಕ್ಕಕ್ಕೆ ಎರಡು ಕಡಿಮೆಯಾಗಿದ್ದವು. ಚೀಲದಿಂದ ಎರಡು ಹುಣಿಸೆಬೀಜ ತೆಗೆದು ಹಾಕಿದಳು.