ಶಿಶುಮಲೆಯ ಮೆಣಸು, ಕೆಳಗಿನ ಕಬಿನಿ

ವಯನಾಡಿನ ಪುಲ್ಪಳ್ಳಿಯಲ್ಲಿ ಸೀತಾದೇವಿಯ ಗುಡಿಯಿದೆ. ಲವಕುಶರು ಆಡಿ ಬೆಳೆದರೆಂಬ ನಂಬಿಕೆಯಿರುವ ಸಣ್ಣ ಗುಡ್ಡ ಅಲ್ಲಿಂದ ದೂರವೇನಿಲ್ಲ. ಹೆಸರು ಶಿಶುಮಲೆ, ಈಗಿನವರ ಬಾಯಲ್ಲಿ ಶಶಿಮಲೆ. ಸುತ್ತ ಮುಳ್ಳನ್‌ಕೊಲ್ಲಿ, ಪೆರಿಕ್ಕಲ್ಲೂರು, ಮರಕ್ಕಡವು, ತಗ್ಗಿನಲ್ಲಿ ಕಬಿನಿ. ದೋಣಿಯಲ್ಲಿ ದಾಟಿದರೆ ಎಚ್.ಡಿ. ಕೋಟೆ ತಾಲ್ಲೂಕಿನ ಬೈರಕುಪ್ಪೆ.

ಒಂದು ಕಾಲಕ್ಕೆ ಇದು ಕರಿಮೆಣಸಿನ ಸೀಮೆ. ತಿರುವಾಂಕೂರಿನ ಕಡೆಯಿಂದ ಬಂದು ನೆಲೆಸಿದ ರೈತರ ಬದುಕು ಬಳ್ಳಿಯ ಮೇಲೇ ನಿಂತಿತ್ತು. ಆ ಬಳ್ಳಿ ಇಲ್ಲಿ ನೀರು ಹೆಚ್ಚಾಗಿಯೂ ಸತ್ತಿದೆ, ಕಡಿಮೆಯಾಗಿಯೂ ಸತ್ತಿದೆ.

ಅರಬ್ಬಿ ಸಮುದ್ರದಿಂದ ಬರುವ ಮೋಡ ಘಟ್ಟ ಏರುವಾಗಲೇ ತಣ್ಣಗಾಗಿ ಸುರಿಯುತ್ತದೆ. ಘಟ್ಟದ ಅಂಚಿನ ಲಕ್ಕಿಡಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ. ಪೂರ್ವಕ್ಕೆ ಸರಿದಂತೆ ಮೋಡ ಬರಿದಾಗುತ್ತದೆ. ಪುಲ್ಪಳ್ಳಿ ಇರುವುದು ಆ ಮಳೆನೆರಳಿನಲ್ಲಿ. ಸಾಲದ್ದಕ್ಕೆ, ವಯನಾಡಿನ ಅಡಿಪಾಯ ಗಟ್ಟಿ ಬಂಡೆ. ಮೇಲಿನ ಶಿಥಿಲ ಪದರ ಮತ್ತು ಬಿರುಕುಗಳಲ್ಲಷ್ಟೇ ನೀರು ನಿಲ್ಲುವುದರಿಂದ ಬೇಸಿಗೆಯಲ್ಲಿ ಗುಡ್ಡದ ಬಾವಿಗಳು ಗದ್ದೆಬಯಲಿನ ಬಾವಿಗಳಿಗಿಂತ ಬೇಗ ತಳ ಕಾಣುತ್ತವೆ.

ಹೊಳೆ ಪಕ್ಕದಲ್ಲೇ ಇದೆಯಲ್ಲ? ಕೇರಳದಲ್ಲಿ ಪೂರ್ವಕ್ಕೆ ಹರಿಯುವ ಮೂರು ನದಿಗಳಲ್ಲಿ ಕಬಿನಿಯೂ ಒಂದು. 2007ರ ಕಾವೇರಿ ನ್ಯಾಯಮಂಡಳಿಯ ಐತೀರ್ಪು ಕೇರಳಕ್ಕೆ ಕೊಟ್ಟ 30 ಟಿಎಂಸಿಯಲ್ಲಿ 21 ಟಿಎಂಸಿ ಈ ಕಣಿವೆಯದು. ಆದರೆ ತಗ್ಗಿನ ನೀರು ಗುಡ್ಡ ಹತ್ತಬೇಕಾದರೆ ಪಂಪು, ಪೈಪು, ಕರೆಂಟು ಬೇಕು.

ಮಳೆಗಾಲದಲ್ಲಿ ಕಥೆ ತಿರುಗುಮುರುಗು. ಬುಡದಲ್ಲಿ ನೀರು ನಿಂತರೆ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಗೆ ಹಬ್ಬ. ಅದರ ಬೀಜಾಣುಗಳಿಗೆ ಎರಡೆರಡು ಬಾಲ; ಮಣ್ಣಿನ ನೀರಿನಲ್ಲಿ ಈಜಿಕೊಂಡೇ ಬೇರು ಮುಟ್ಟುತ್ತವೆ. ಎಲೆಯ ಮೇಲೆ ಅಂಚು ಜುಂಗುಜುಂಗಾದ ಕಪ್ಪು ಮಚ್ಚೆ ಮೂಡುತ್ತದೆ. ಬುಡ ಕೊಳೆತರೆ ಎರಡು-ಮೂರು ವಾರದಲ್ಲಿ ಇಡೀ ಬಳ್ಳಿ ಜೋತುಬೀಳುತ್ತದೆ. ಇದೇ ಶೀಘ್ರ ಸೊರಗು ರೋಗ. ನಿಧಾನ ಸೊರಗು ರೋಗ ಬೇರೆ: ಜಂತುಹುಳುಗಳು ಬೇರು ತಿಂದಿಟ್ಟ ಬಳ್ಳಿ ಬೇಸಿಗೆಯ ಬಿಸಿಲಿಗೆ ಹಳದಿಯಾಗಿ ಕೃಶವಾಗುತ್ತದೆ.

ಇಷ್ಟರ ಮೇಲೆ, 2005ರ ಸುಮಾರಿಗೆ ಕೇರಳದಲ್ಲಿ ಪುಟ್ಟ ಗಂಟುಕಣಜವೊಂದು ಕಾಣಿಸಿಕೊಂಡಿತು. ಮೆಣಸು ಹಬ್ಬಿಸುವ ಹಾಲುವಾಣ ಮರದ ಚಿಗುರಿನೊಳಗೆ ಅದು ಮೊಟ್ಟೆಯಿಟ್ಟರೆ ಎಲೆ, ತೊಟ್ಟುಗಳೆಲ್ಲ ಗಂಟುಗಂಟು. ಮರ ಒಣಗಿದರೆ ಬಳ್ಳಿಗೆ ಆಸರೆಯೂ ಹೋಯಿತು, ನೆರಳೂ ಹೋಯಿತು.

ಹಾಗಾಗಿ ಇಲ್ಲಿ ಮೆಣಸು ಮತ್ತೆ ನೆಡುವವರ ಕೆಲಸ ಎರಡು ಬಗೆಯದು. ಜೂನ್‌ಗೆ ಮುಂಚೆ ಬಸಿಗಾಲುವೆ ತೆಗೆದು, ಆಸರೆ ಮರದ ಕೊಂಬೆ ಸವರಿ, ಬುಡಕ್ಕೆ ಬೋರ್ಡೋ ಮುಲಾಮು ಬಳಿಯಬೇಕು. ಮಳೆ ಮುಗಿದ ಮೇಲೆ ಅದೇ ಬುಡಕ್ಕೆ ತರಗು ಹೊದಿಸಿ ತೇವ ಹಿಡಿದಿಡಬೇಕು.