ಅಪ್ಪನ ಬೋಟಿನಲ್ಲೊಂದು ಮಿನಿ ಮ್ಯಾಪ್

2020ರ ಸೆಪ್ಟೆಂಬರ್ 2ರಂದು ಪಬ್‌ಜಿ ನಿಷೇಧವಾದಾಗ ನಾನು ಹತ್ತನೇ ತರಗತಿಯಲ್ಲಿದ್ದೆ. ಆನ್‌ಲೈನ್ ಕ್ಲಾಸಿಗೆಂದು ಅಪ್ಪ ಸಾಲ ಮಾಡಿ ಕೊಡಿಸಿದ್ದ ಮೊಬೈಲ್‌ನಲ್ಲಿ ನಾನು ಹೆಚ್ಚು ನೋಡಿದ್ದು ಪಾಠವನ್ನಲ್ಲ, ಆ ಆಟದ ಮೂಲೆಯಲ್ಲಿನ ಪುಟ್ಟ ಮ್ಯಾಪನ್ನು. ಮರುವರ್ಷ ಬಿಜಿಎಂಐ ಬಂತು. ಪಿಯುಸಿ ಅಂಕಗಳು ಇಳಿದವು. ಅಪ್ಪ ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಬಿಇ ಸೇರಿದ ಮೇಲೆ ಒಂದು ರಜೆಯಲ್ಲಿ ಬೇಲೆಕೇರಿಯಿಂದ ಅಪ್ಪನ ಬೋಟ್ ಹತ್ತಿದೆ. ಕ್ಯಾಬಿನ್ನಿನಲ್ಲಿ ಜಿಪಿಎಸ್ ಪರದೆ. ನಡುವೆ ಬಾಣದ ಗುರುತಾಗಿ ನಮ್ಮ ಬೋಟು. ಸುತ್ತ, ಬಲೆ ಸಿಕ್ಕಿಕೊಳ್ಳುವ ಬಂಡೆಗಳ ಜಾಗಕ್ಕೆ ಅಪ್ಪ ಒತ್ತಿಟ್ಟ ಚುಕ್ಕೆಗಳು. ಅರೆ, ಇದು ನನ್ನ ಮಿನಿ ಮ್ಯಾಪೇ! ಹೇಳಿದ್ದಕ್ಕೆ ಅಪ್ಪ ನಕ್ಕ. ‘ಆಟದಲ್ಲಿ ಸತ್ರೆ ಮತ್ತೆ ಹುಟ್ತೆ. ಇಲ್ಲಿ ಬಲೆ ಹರದ್ರೆ ಹೋದದ್ದೇ, ತಮಾ.’

ಜಾಗ ಗುರುತಿಸಲು ಕನಿಷ್ಠ 4 ಉಪಗ್ರಹಗಳ ಸಂಕೇತ ಬೇಕು. ನಾಲ್ಕನೆಯದು ರಿಸೀವರ್ ಗಡಿಯಾರದ ತಪ್ಪು ತಿದ್ದಲು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಈ ಉತ್ತರ ಅರ್ಥವಾದದ್ದು ಅಲ್ಲಿ. ಇನ್ನೊಂದೂ ಕಂಡಿತು: ಪರದೆ ಪೂರ್ತಿ ಇಂಗ್ಲಿಷ್. ಕನ್ನಡವಷ್ಟೇ ಓದುವ ಅಪ್ಪ ಯಾವ ನಂಬರ್ ಯಾವ ಬಂಡೆ ಎಂದು ನೆನಪಿನಲ್ಲೇ ಇಟ್ಟುಕೊಂಡಿದ್ದ.

ಈಗ ನನ್ನ ಮಿನಿ ಪ್ರಾಜೆಕ್ಟ್ ಅದೇ: ಆ ಚುಕ್ಕೆಗಳನ್ನು ಕನ್ನಡ ಹೆಸರಿನೊಂದಿಗೆ ಮೊಬೈಲ್‌ನಲ್ಲಿ ತೋರಿಸುವ ಆ್ಯಪ್. ನೆಟ್‌ವರ್ಕ್ ಇಲ್ಲದ ಕಡಲಲ್ಲೂ ಮೊಬೈಲ್‌ನ ಜಿಪಿಎಸ್ ನಡೆಯುತ್ತದೆ. ಸಂಜೆ ಅಪ್ಪ ಬಂಡೆಗಳ ಹೆಸರು ಹೇಳುತ್ತಾನೆ, ನಾನು ಟೈಪಿಸುತ್ತೇನೆ.

ಗೇಮ್ ಬಿಟ್ಟಿಲ್ಲ, ಭಾನುವಾರ ಒಂದು ತಾಸು ಆಡುತ್ತೇನೆ. ಆಡುವ ಗೆಳೆಯರೇ, ಮನೆಯವರು ದಿನವೂ ಬಳಸುವ ಪರದೆಯನ್ನು ಒಮ್ಮೆ ಅವರ ಪಕ್ಕ ಕೂತು ನೋಡಿ. ಪ್ರಾಜೆಕ್ಟ್‌ಗೆ ವಿಷಯ ಸಿಗದೇ ಇರದು.